ಕಂಬದ ಮೇಲೆ ಮೂರು ತಂತಿ ಕಂಡರೆ ತ್ರೀ ಫೇಸ್ ಅಂತ ನಂಬಬೇಡಿ

ಮನೆ ಜೊತೆಗೇ ಹಿತ್ತಲಲ್ಲಿ ಒಂದು ಶೆಡ್ ಹಾಕಿ ಲೇತೋ, ವೆಲ್ಡಿಂಗೋ, ಬಡಿಗತನದ ಮಷಿನೋ ಇಟ್ಟುಕೊಂಡು ದುಡಿಯಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿರಿ. ಇನ್ನೂ ಗೋಡೆ ಏಳದವರು, ಸ್ಲ್ಯಾಬ್ ಬೀಳದವರು ಮೊದಲು ಓದಿರಿ. ನನಗೆ ಆಗಿದ್ದು ನಿಮಗೆ ಆಗಬಾರದು.

ಬೆಳಗಾವಿಯ ಉದ್ಯಮಬಾಗದಲ್ಲಿ ಹತ್ತೊಂಬತ್ತು ವರ್ಷ ಟರ್ನರ್ ಆಗಿ ದುಡಿದವನು ನಾನು. ಸ್ವಂತ ಲೇತ್ ಇಟ್ಟು ಜಾಬ್‌ವರ್ಕ್ ಮಾಡಬೇಕು ಅನ್ನುವುದು ಬಹಳ ದಿನದ ಆಸೆ. ಊರ ಹೊರಗಿನ ಹೊಸ ಲೇಔಟಿನಲ್ಲಿ 40-60 ಸೈಟ್ ತೆಗೆದುಕೊಂಡೆ. ಮುಂದೆ ಮನೆ, ಹಿಂದೆ ಶೆಡ್. ಸೈಟ್ ನೋಡಲು ಹೋದ ದಿನ ಕಂಬದ ಕಡೆಗೂ ತಲೆ ಎತ್ತಿ ನೋಡಿದ್ದೆ. ಮೂರು ತಂತಿ ಇದ್ದವು. ತ್ರೀ ಫೇಸ್ ಲೈನ್ ಮನೆ ಮುಂದೇ ಐತಿ, ಇನ್ನೇನು ಚಿಂತೆ ಅಂದುಕೊಂಡು ಅಡ್ವಾನ್ಸ್ ಕೊಟ್ಟು ಬಂದೆ.

ವೈರಿಂಗ್ ಹಿಡಿದ ಕಾಂಟ್ರ್ಯಾಕ್ಟರಿಗೆ ಶೆಡ್‌ನಲ್ಲಿ ಏನೇನು ಬರುತ್ತದೆ ಅಂತ ಬಾಯಿಮಾತಿನಲ್ಲೇ ಹೇಳಿದ್ದೆ. ಅವರು ಅಂದರು: "ಯಜಮಾನ್ರ, ಮೂರು ಕಿಲೋವ್ಯಾಟ್ ಸಿಂಗಲ್ ಫೇಸ್ ತಗೊಳ್ಳೂಣ್ರಿ. ಡಿಪಾಸಿಟ್ಟೂ ಕಡಿಮಿ, ತಿಂಗಳಾ ಫಿಕ್ಸ್ ಚಾರ್ಜೂ ಕಡಿಮಿ. ಮನಿ ಮೀಟರ್ ಒಂದ ಇದ್ರ ಗೃಹಜ್ಯೋತಿನೂ ಆಗ್ತೈತಿ. ಆಮ್ಯಾಲ ಬೇಕಂದ್ರ ಲೋಡ್ ಏರಿಸಿದ್ರಾತು."

ಆ "ಆಮ್ಯಾಲ ಏರಿಸಿದ್ರಾತು" ಅನ್ನುವ ಒಂದು ಮಾತಿಗೆ ನಾನು ಕೊಟ್ಟ ಬೆಲೆ ಒಟ್ಟು ಒಂದೂವರೆ ಲಕ್ಷ ದಾಟಿತು. ಅವರ ಮಾತು ಕೇಳಿದ್ದು ನಾನೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಷಿನ್‌ಗಳ ಹೆಸರು ಕೇಳಿಯೂ ಅಂಥ ಸಲಹೆ ಕೊಟ್ಟವರನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ.

ಶೆಡ್‌ಗೆ ಬಂದ ಮಷಿನ್‌ಗಳು ಇವು: ಸೆಕೆಂಡ್ ಹ್ಯಾಂಡ್ ಲೇತ್, 3 ಎಚ್‌ಪಿ. ಕಂಪ್ರೆಸರ್ 2 ಎಚ್‌ಪಿ. ಡ್ರಿಲ್ಲಿಂಗ್ 1 ಎಚ್‌ಪಿ, ಬೆಂಚ್ ಗ್ರೈಂಡರ್ ಅರ್ಧ ಎಚ್‌ಪಿ. ಜೊತೆಗೆ ಇನ್ವರ್ಟರ್ ವೆಲ್ಡಿಂಗ್ ಮಷಿನ್. ಲೇತಿಗೆ ತ್ರೀ ಫೇಸ್ ಮೋಟರ್ ಇತ್ತು, ಒಳ್ಳೆಯ ಮೋಟರ್. ನನ್ನ ಮೀಟರ್ ಸಿಂಗಲ್ ಫೇಸ್ ಆದ್ದರಿಂದ ಅದನ್ನು ಬಿಚ್ಚಿಟ್ಟು, ದುಡ್ಡು ಕೊಟ್ಟು 3 ಎಚ್‌ಪಿಯದೇ ಸಿಂಗಲ್ ಫೇಸ್ ಮೋಟರ್ ಕೂಡಿಸಿದೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಆದರೆ ನೇಮ್‌ಪ್ಲೇಟಿನ ಎಚ್‌ಪಿ ಮೋಟರ್ ಕೊಡುವ ಶಕ್ತಿ, ಲೈನಿನಿಂದ ಎಳೆಯುವುದು ಅದಕ್ಕಿಂತ ಹೆಚ್ಚು. 3 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಪೂರ್ತಿ ಲೋಡಿನಲ್ಲಿ 15 ಆಂಪಿಯರ್ ಹತ್ತಿರ ಎಳೆಯುತ್ತದೆ. ಅದೇ 3 ಎಚ್‌ಪಿ ತ್ರೀ ಫೇಸ್ ಆದರೆ ಒಂದೊಂದು ಫೇಸಿನಲ್ಲಿ 5 ಆಂಪಿಯರ್ ಅಷ್ಟೇ. ಇದು ಓಡುವಾಗಿನ ಮಾತು. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟರ್ ಇದರ ನಾಲ್ಕೈದು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಎಳೆಯುತ್ತದೆ. ಅಂದರೆ ನನ್ನ ಲೇತ್ ಸ್ವಿಚ್ ಒತ್ತಿದ ತಕ್ಷಣ 60, 70 ಆಂಪಿಯರ್ ಕೇಳುತ್ತಿತ್ತು.

ಅಷ್ಟು ಕರೆಂಟು ಬರುವ ಹಾದಿ ಹೇಗಿತ್ತು ನೋಡಿ. ಕಂಬದಿಂದ ಮನೆಗೆ 35 ಮೀಟರ್ ಸರ್ವಿಸ್ ವೈರ್, 4 ಎಂಎಂ ಅಲ್ಯುಮಿನಿಯಂ (ವೈರಿನ ಮಾತಿನಲ್ಲಿ ಎಂಎಂ ಅಂದರೆ ಚದರ ಎಂಎಂ). ಅದರ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು ಏಳೂವರೆ ಓಮ್. ಹೋಗಿ ಬರುವ ಎರಡೂ ತಂತಿ ಹಿಡಿದರೆ 70 ಮೀಟರ್, ಅರ್ಧ ಓಮ್. ಮೀಟರ್ ಬೋರ್ಡಿನಿಂದ ಶೆಡ್‌ಗೆ ಗೋಡೆಯೊಳಗೆ 28 ಮೀಟರ್, 4 ಎಂಎಂ ತಾಮ್ರ. ಅದು ಮತ್ತೆ ಕಾಲು ಓಮ್. ಮುಕ್ಕಾಲು ಓಮಿನ ಮೇಲೆ 60 ಆಂಪಿಯರ್ ಹರಿದರೆ 45 ವೋಲ್ಟ್ ದಾರಿಯಲ್ಲೇ ಹೋಯಿತು. ಸಂಜೆ ಹೊತ್ತು ನನ್ನಲ್ಲಿ 210 ವೋಲ್ಟ್ ಇರುತ್ತಿತ್ತು. ಲೇತ್ ಚಾಲೂ ಮಾಡಿ ವೋಲ್ಟ್‌ಮೀಟರ್ ಹಿಡಿದಾಗ ಮುಳ್ಳು 165ಕ್ಕೆ ಇಳಿದಿದ್ದನ್ನು ಕಣ್ಣಾರೆ ಕಂಡೆ. ಮೋಟರಿನ ಎಳೆಯುವ ಬಲ ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಬೀಳುತ್ತದೆ. 230ರ ಮೋಟರಿಗೆ 165 ಕೊಟ್ಟರೆ ಬಲ ಹೆಚ್ಚುಕಡಿಮೆ ಅರ್ಧ. ಅದಕ್ಕೇ ಜಾಬ್ ಹಿಡಿದು ತಿರುಗುವ ಲೇತಿನ ಚಕ್ ಜಾಗ ಬಿಟ್ಟು ಏಳುತ್ತಿರಲಿಲ್ಲ, ಮೋಟರ್ ಗುಂಯ್ ಅನ್ನುತ್ತ ಬಿಸಿ ಆಗುತ್ತಿತ್ತು, ಒಳಗೆ ಮನೆಯಲ್ಲಿ ದೀಪ ಮಂಕಾಗಿ "ಏನ್ರೀ, ಮತ್ತ ಚಾಲೂ ಮಾಡಿದ್ರೇನು?" ಅಂತ ನನ್ನ ಹೆಂಡತಿಯ ದನಿ ಬರುತ್ತಿತ್ತು.

32 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ದಿನಕ್ಕೆ ನಾಲ್ಕೈದು ಸಲ ಬೀಳತೊಡಗಿತು. ಕಾಂಟ್ರ್ಯಾಕ್ಟರ್ ತಮ್ಮ ಹುಡುಗನನ್ನು ಕಳಿಸಿದರು. ಅವನು ಹತ್ತು ನಿಮಿಷದಲ್ಲಿ 32 ತೆಗೆದು 63 ಹಾಕಿದ. "ಇನ್ನ ಬೀಳಂಗಿಲ್ರೀ ಕಾಕಾ" ಅಂದ. ಹೇಳಿದಂತೆಯೇ ಬೀಳಲಿಲ್ಲ. ನಾನು ಖುಷಿಯಿಂದ ಚಹಾ ಕುಡಿಸಿ ಕಳಿಸಿದೆ.

ಇಡೀ ಬರಹದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು: ಎಂಸಿಬಿ ಇರುವುದು ಗೋಡೆಯೊಳಗಿನ ವೈರ್ ಕಾಯಲಿಕ್ಕೆ. ಪೈಪಿನೊಳಗಿನ 4 ಎಂಎಂ ತಾಮ್ರದ ವೈರ್ ತಡೆದುಕೊಳ್ಳುವುದು 30 ಆಂಪಿಯರ್ ಆಸುಪಾಸು. ಅದರ ಮುಂದೆ 63 ಹಾಕಿದರೆ, 50 ಆಂಪಿಯರ್ ಹರಿದರೂ ಎಂಸಿಬಿ ಸುಮ್ಮನೆ ಕೂತಿರುತ್ತದೆ, ಸುಡುವುದು ವೈರ್. ಎಂಸಿಬಿ ಮೇಲಿಂದ ಮೇಲೆ ಬೀಳುತ್ತಿದ್ದರೆ ಅದು ಕೆಟ್ಟಿಲ್ಲ, ನಿಮಗೆ ಏನೋ ಹೇಳುತ್ತಿದೆ. ವೈರ್ ಬದಲಿಸದೆ ದೊಡ್ಡ ಎಂಸಿಬಿ ಹಾಕಲು ಬಂದವರನ್ನು ಬಾಗಿಲಿಂದಲೇ ವಾಪಸ್ ಕಳಿಸಿ. ಮೋಟರ್ ಕಾಯುವುದು ಬೇರೆಯದೇ ಕೆಲಸ, ಅದಕ್ಕೆ ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರ್ ಬೇಕು. ನನಗೆ ಅದನ್ನೂ ಹಾಕಿರಲಿಲ್ಲ.

ಜುಲೈ ತಿಂಗಳು, ಬೆಳಗಾವಿ ಮಳೆ. ರಾತ್ರಿ ಎಂಟರ ಹೊತ್ತಿಗೆ ಲೇತ್ ಮೇಲೆ ಒಂದು ಶಾಫ್ಟ್ ಹಿಡಿದಿದ್ದೆ, ಕಂಪ್ರೆಸರೂ ಓಡುತ್ತಿತ್ತು, ಮನೆಯಲ್ಲಿ ಗೀಸರ್ ಹಾಕಿದ್ದರು. ಮಗ ಓಡಿ ಬಂದು "ಅಪ್ಪಾ, ಮೀಟರ್ ಕಡೆ ಏನೋ ಸುಟ್ಟ ವಾಸನಿ" ಅಂದ. ಹೋಗಿ ನೋಡಿದರೆ ಬೋರ್ಡಿನ ಮುಚ್ಚಳದ ಮೇಲೆ ಕಂದು ಬಣ್ಣದ ಒಂದು ಕಲೆ ಎದ್ದು ಗುಳ್ಳೆ ಬಂದಿತ್ತು. ಮೇನ್ ಇಳಿಸಿ ಮುಚ್ಚಳ ತೆಗೆದೆವು. ನ್ಯೂಟ್ರಲ್ ಸ್ಕ್ರೂ ಹತ್ತಿರ ನಾಲ್ಕು ಬೆರಳಿನಷ್ಟು ವೈರಿನ ಕಪ್ಪು ಕವಚ ಕರಗಿ, ಗಟ್ಟಿಯಾಗಿ, ಬಿರುಕು ಬಿಟ್ಟಿತ್ತು. ಬೆರಳು ಮುಟ್ಟಿಸಿದರೆ ಸುಟ್ಟ ಹಪ್ಪಳದಂತೆ ಪುಡಿಪುಡಿಯಾಗಿ ಉದುರಿತು. ಒಳಗಿನ ತಾಮ್ರ ನೇರಳೆ ಬಣ್ಣಕ್ಕೆ ತಿರುಗಿತ್ತು. ಆ ಬೋರ್ಡಿನಿಂದ ಎರಡು ಅಡಿ ದೂರದಲ್ಲಿ ನನ್ನ ತಾಯಿ ಮಲಗುವ ಕೋಣೆಯ ಕಿಟಕಿ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಮರುವಾರ ಲೇತಿನ ಮೋಟರೂ ಸುಟ್ಟಿತು. ರಿವೈಂಡಿಂಗ್ ಮಾಡುವವರು ಬಿಚ್ಚಿ ತೋರಿಸಿದರು: ಸ್ಟಾರ್ಟಿಂಗ್ ವೈಂಡಿಂಗ್ ಪೂರ್ತಿ ಕರಿ. ಕಡಿಮೆ ವೋಲ್ಟೇಜಿನಲ್ಲಿ ಮೋಟರ್ ಬೇಗ ಸ್ಪೀಡ್ ಹಿಡಿಯದೆ, ಎರಡೇ ಕ್ಷಣ ಇರಬೇಕಾದ ಆ ವೈಂಡಿಂಗ್ ಪ್ರತಿ ಸಲವೂ ಹೆಚ್ಚು ಹೊತ್ತು ಲೈನಿನಲ್ಲಿ ಉಳಿದಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಕರೆಂಟು ಕೊಡುವ ಕಂಪನಿ ಹೆಸ್ಕಾಂ ಕಡೆಯಿಂದ ತಪಾಸಣೆಗೆ ಬಂದವರು ಪ್ರತಿ ಮಷಿನ್ನಿನ ನೇಮ್‌ಪ್ಲೇಟ್ ಬರೆದುಕೊಂಡು, ಮನೆ ಬಳಕೆಯ ಆರ್‌ಆರ್ ನಂಬರಿನ ಮೇಲೆ ಜಾಬ್‌ವರ್ಕ್ ನಡೆದಿದೆ ಅಂತ ನೋಟಿಸ್ ಕೊಟ್ಟರು. ಅವರ ಮೇಲೆ ನನ್ನ ದೂರಿಲ್ಲ, ಕಾನೂನು ಇರುವುದೇ ಹಾಗೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನ ಪ್ರಕಾರ, ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಕರೆಂಟು ಬಳಸಿದರೆ ಅದು ಅನಧಿಕೃತ ಬಳಕೆ. ಅನ್ವಯಿಸುವ ದರದ ಎರಡು ಪಟ್ಟು ಹಾಕುತ್ತಾರೆ. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳಿಗೆ ಲೆಕ್ಕ. ಮೊದಲು ಬರುವುದು ತಾತ್ಕಾಲಿಕ ಲೆಕ್ಕ, ಅದಕ್ಕೆ ಆಕ್ಷೇಪಣೆ ಬರೆದುಕೊಡಬಹುದು. ಕೊನೆಯ ಆದೇಶದ ಮೇಲೆ 127ನೇ ಕಲಮಿನಲ್ಲಿ 30 ದಿನದೊಳಗೆ ಅಪೀಲು ಹೋಗಬಹುದು, ಆದರೆ ಅರ್ಧ ಹಣ ಮೊದಲೇ ಕಟ್ಟಬೇಕು. ನನ್ನ ಮೀಟರಿಗೆ ಒಂಬತ್ತೇ ತಿಂಗಳಾಗಿತ್ತು, ಅಷ್ಟಕ್ಕೇ ನಲವತ್ತು ಸಾವಿರದ ಹತ್ತಿರ ಕಟ್ಟಿದೆ. ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ ಇರುವ ಯೋಜನೆ. ಅದರ ಆಸೆಗೆ ದುಡಿಮೆಯ ಮಷಿನ್ ಮನೆ ಮೀಟರಿಗೆ ಜೋಡಿಸಬೇಡಿ.

ಆಗ ತ್ರೀ ಫೇಸ್‌ಗೆ ಅರ್ಜಿ ಹಾಕಲು ಹೋದೆ. ಲೈನ್‌ಮನ್ ಬಂದು ಕಂಬ ನೋಡಿ, "ಇಲ್ಲಿ ತ್ರೀ ಫೇಸ್ ಎಲ್ಲೈತ್ರಿ?" ಅಂದರು. ನಾನು ಮೂರು ತಂತಿ ತೋರಿಸಿದೆ. ಅವರು ಒಂದೊಂದಾಗಿ ಬೆರಳು ಮಾಡಿದರು: "ಇದು ಫೇಸ್, ಇದು ನ್ಯೂಟ್ರಲ್, ಇದು ಬೀದಿ ದೀಪದ್ದು." ತ್ರೀ ಫೇಸ್ ಲೈನ್ ನಾಲ್ಕು ಕಂಬದ ಹಿಂದೆಯೇ ನಿಂತುಬಿಟ್ಟಿತ್ತು. ಅಲ್ಲಿಂದ ನನ್ನ ಮನೆವರೆಗೆ ಎಳೆಯಲು ಎಸ್ಟಿಮೇಟ್, ಆ ಖರ್ಚು ನನ್ನದು. ಮನೆಯೊಳಗೆ 20 ಎಂಎಂ ಪೈಪ್ ಹೂತಿದ್ದರಿಂದ ಅದರಲ್ಲಿ ದಪ್ಪ ವೈರ್ ಹಾಯಲೇ ಇಲ್ಲ. ಕಾಂಪೌಂಡ್ ಗುಂಟ ನೆಲ ಅಗೆದು 16 ಎಂಎಂ ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ ಹಾಕಿಸಬೇಕಾಯಿತು. ಆರು ತಿಂಗಳ ಹಿಂದೆ ಹಾಕಿದ ಪೇವರ್ ಮತ್ತೆ ಕಿತ್ತೆವು.

ಆದ್ದರಿಂದ ಸೈಟಿಗೆ ದುಡ್ಡು ಕೊಡುವ ಮೊದಲೇ ತಂತಿ ಎಣಿಸಿ. ತೆರೆದ ತಂತಿಯ ತ್ರೀ ಫೇಸ್ ಲೈನಿನಲ್ಲಿ ಮೂರು ಫೇಸ್, ಒಂದು ನ್ಯೂಟ್ರಲ್, ಅಂದರೆ ಕಡಿಮೆ ಎಂದರೂ ನಾಲ್ಕು ಇರಬೇಕು. ಬೀದಿ ದೀಪದ್ದು ಸೇರಿದರೆ ಐದು. ಹೆಣೆದ ಕಪ್ಪು ಕೇಬಲ್ ಇದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಸೆಕ್ಷನ್ ಆಫೀಸಿನಲ್ಲಿ ಕೇಳಿ. ಹತ್ತಿರದ ಟಿಸಿ (ಟ್ರಾನ್ಸ್‌ಫಾರ್ಮರ್) ಎಷ್ಟು ಕೆವಿಎ, ಅದರಲ್ಲಿ ಜಾಗ ಉಂಟೋ ಇಲ್ಲವೋ ಅದನ್ನೂ ಅಲ್ಲೇ ಕೇಳಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಹೆಸ್ಕಾಂ ವ್ಯಾಪ್ತಿಯವು, ಕೇಳಬೇಕಾದ ಪ್ರಶ್ನೆ ಎಲ್ಲ ಕಡೆ ಒಂದೇ.

ಲೋಡ್ ಎಷ್ಟು ಕೇಳಬೇಕು? ನಾನು ಎರಡನೆಯ ಸಲ ಮಾಡಿದ್ದು ಹೀಗೆ. ಮೋಟರ್‌ಗಳ ಎಚ್‌ಪಿ ಕೂಡಿಸಿದೆ, ಆರೂವರೆ. ವೆಲ್ಡಿಂಗ್ ಮಷಿನ್ 3.15 ಎಂಎಂ ವೆಲ್ಡಿಂಗ್ ರಾಡಿಗೆ 120 ಆಂಪಿಯರ್ ಇಟ್ಟರೆ ಲೈನಿನಿಂದ ಮೂರೂವರೆ, ನಾಲ್ಕು ಕಿಲೋವ್ಯಾಟ್, ಅದು ಐದು ಎಚ್‌ಪಿ ಲೆಕ್ಕ. ಒಟ್ಟು 12 ಎಚ್‌ಪಿ, 9 ಕಿಲೋವ್ಯಾಟ್. ಸಿಂಗಲ್ ಫೇಸ್ ಸಿಗುವುದು 5 ಕಿಲೋವ್ಯಾಟ್‌ವರೆಗೆ ಮಾತ್ರ, ಹಾಗಾಗಿ ತ್ರೀ ಫೇಸ್ ಹೊರತು ಬೇರೆ ದಾರಿಯೇ ಇರಲಿಲ್ಲ, ಮೊದಲ ದಿನವೂ ಇರಲಿಲ್ಲ. ಒಬ್ಬನೇ ದುಡಿಯುವ ಶೆಡ್‌ನಲ್ಲಿ ಎಲ್ಲ ಒಟ್ಟಿಗೆ ಓಡುವುದಿಲ್ಲ ನಿಜ, ಆದರೂ ತಪಾಸಣೆಯವರು ಬರೆದುಕೊಂಡದ್ದು ಶೆಡ್‌ನಲ್ಲಿ ನಿಂತ ಅಷ್ಟೂ ಮಷಿನ್. ಹಾಗಂತ ಮುಂದೆ ಬೇಕಾದೀತು ಅಂತ 25 ಎಚ್‌ಪಿ ಕೇಳಬೇಡಿ. ಫಿಕ್ಸ್ ಚಾರ್ಜ್ ಬರುವುದು ಮಂಜೂರಾದ ಲೋಡಿನ ಮೇಲೆ, ಮಷಿನ್ ಓಡಲಿ ಬಿಡಲಿ ತಿಂಗಳಾ ಕಟ್ಟಬೇಕು. ಲೋಡ್ ಇವತ್ತಿನದು ಕೇಳಿ, ಕೇಬಲ್ ಮಾತ್ರ ನಾಳೆಯದು ಹಾಕಿ. ಶೆಡ್‌ಗೆ ಕೈಗಾರಿಕೆಯ ಬೇರೆ ಮೀಟರ್, ಮನೆಗೆ ಮನೆಯದೇ ಮೀಟರ್, ಎರಡರ ವೈರಿಂಗ್ ಎಲ್ಲಿಯೂ ಕೂಡಬಾರದು.

ಕಾಂಟ್ರ್ಯಾಕ್ಟರನ ಲೈಸೆನ್ಸ್ ನಿಮ್ಮ ಕೈಯಲ್ಲಿ ಹಿಡಿದು ನೋಡಿ. ನನ್ನ ಮನೆಯಲ್ಲಿ ಕೆಲಸ ಮಾಡಿದವರು ಒಬ್ಬರು, ವೈರಿಂಗ್ ಮುಗಿದ ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕಿದವರು ನಾನು ಮುಖ ಕೂಡ ನೋಡದ ಇನ್ನೊಬ್ಬರು.

ಹಳೆಯ ತ್ರೀ ಫೇಸ್ ಮೋಟರನ್ನು ಗೋಣಿಚೀಲದಿಂದ ತೆಗೆದು ಮತ್ತೆ ಲೇತಿಗೆ ಕೂಡಿಸಿ ನಾಲ್ಕು ತಿಂಗಳಾಯಿತು. ಸ್ವಿಚ್ ಒತ್ತಿದರೆ ಒಳಗೆ ದೀಪ ಅಲುಗುವುದಿಲ್ಲ. ಸ್ಲ್ಯಾಬ್ ಹಾಕುವ ದಿನ ಹತ್ತಿರ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ, ಇವತ್ತೇ ಸೈಟಿಗೆ ಹೋಗಿ ಶೆಡ್ ಕಡೆ ಹೋಗುವ ಪೈಪ್ ಅಳೆಯಿರಿ. 20 ಎಂಎಂ ಇದ್ದರೆ ಅದರ ಪಕ್ಕಕ್ಕೆ 50 ಎಂಎಂದು ಒಂದು ಖಾಲಿ ಪೈಪ್ ಹಾಕಿಸಿ, ಮುಂದೆ ಕೇಬಲ್ ಎಳೆಯಲು ಒಳಗೆ ಒಂದು ಜಿಐ ತಂತಿ ಎಳೆದು ಬಿಡಿ.