“90 ಪರ್ಸೆಂಟ್ ಸೈಜ್ ಇಳಿಸ್ತೀವಿ, ಕ್ವಾಲಿಟಿ ಹಾಗೇ ಇರುತ್ತೆ” ಅನ್ನುವವರಿಗೆ ನಿಮ್ಮ ಉಪಗ್ರಹ ಚಿತ್ರ ಕೊಡಬೇಡಿ

ಉಪಗ್ರಹ ಚಿತ್ರ ಇಟ್ಟುಕೊಂಡು ಕೆಲಸ ಮಾಡುವವರು ದಯವಿಟ್ಟು ಓದಿ. ಸೈಜ್ 90 ಪರ್ಸೆಂಟ್ ಇಳಿಸುತ್ತೇವೆ, ಕ್ವಾಲಿಟಿ ಒಂಚೂರೂ ಹೋಗಲ್ಲ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಸಾಗಹಾಕಿ. ನಮಗೆ ದುಡ್ಡೂ ಹೋಯಿತು, ರೈತರ ಮುಂದೆ ಮರ್ಯಾದೆಯೂ ಹೋಯಿತು.

ಚನ್ನಗಿರಿ ಕಡೆಯ ಅಡಿಕೆ ತೋಟಗಳ ಬೆಳೆ ನಕ್ಷೆ ಮಾಡುವುದು ನಮ್ಮ ಕೆಲಸ. ರಿಸೋರ್ಸ್‌ಸ್ಯಾಟ್-2 ಉಪಗ್ರಹದ ಲಿಸ್-4 ಕ್ಯಾಮೆರಾದ ಚಿತ್ರಗಳು ಡಿಸ್ಕ್ ತುಂಬಾ ಇದ್ದವು. ಹಸಿರು, ಕೆಂಪು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಹೀಗೆ ಬೆಳಕಿನ ಮೂರೇ ಬ್ಯಾಂಡ್, ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 5.8 ಮೀಟರ್. ಜಾಗ ಸಾಲದೆ ಒಂದು ಕಂಪನಿಗೆ ಕಂಪ್ರೆಸ್ ಮಾಡಲು ಕೊಟ್ಟೆವು. ಕೊಟೇಶನ್‌ನಲ್ಲಿ ‘ಲಾಸ್‌ಲೆಸ್’ ಅಂತ, ಅಂದರೆ ಒಂದಂಕಿಯೂ ಬದಲಾಗಲ್ಲ ಅಂತ, ಬರೆದೇ ಇತ್ತು. ಅರ್ಧ ಅಡ್ವಾನ್ಸ್, ಉಳಿದದ್ದು ಡೆಲಿವರಿ ಆದ ಮೇಲೆ. ಎಲ್ಲರೂ ಮಾಡುವ ಹಾಗೇ.

ಫೈಲುಗಳು ವಾಪಸ್ ಬಂದವು. ಅದೇ ಹೆಸರು, ಅದೇ ಡಾಟ್ ಟಿಫ್. ತೆರೆದರೆ ಚಿತ್ರ ಚೆನ್ನಾಗೇ ಕಾಣುತ್ತಿತ್ತು. ಹೊಸ ನಕ್ಷೆಯನ್ನು ಅದರಿಂದಲೇ ಮಾಡಿ ರೈತರ ಸಭೆಗೆ ಒಯ್ದೆವು. ಜನವರಿಯ ಚಿತ್ರ ಅದು, ಮೆಕ್ಕೆಜೋಳ ಕಟಾವಾಗಿ ಹೊಲ ಬರಿದಾಗಿರುತ್ತದೆ, ಪಕ್ಕದಲ್ಲೇ ಅಡಿಕೆ ಹಸಿರಾಗಿರುತ್ತದೆ. ಎರಡರ ನಡುವಿನ ಬದು ಗೆರೆ ಎಳೆದಂತೆ ಕಾಣಬೇಕು ಅಲ್ವಾ? ನಕ್ಷೆಯಲ್ಲಿ ಬದುಗಳೇ ಇಲ್ಲ. ಚೌಕ ಚೌಕ, ಮಸುಕು ಮಸುಕು. ಒಬ್ಬ ಹಿರಿಯರು ಎದ್ದು, “ಏನ್ ಸಾರ್, ಮೊನ್ನೆ ತಾನೇ ನಾಲೆ ನೀರು ಕಟ್ಟಿದೀನಿ, ನನ್ನ ತೋಟ ಒಣಗೈತೆ ಅಂತ ಬರ್ದಿದೀರಲ್ಲ” ಅಂದರು. ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ರಾತ್ರಿ ಕೂತು ಒಂದು ಫೈಲಿಗೆ ಜಿಡಾಲ್‌ಇನ್ಫೋ ಓಡಿಸಿದೆ, ಫೈಲಿನ ಒಳಗೇನಿದೆ ಅಂತ ಹೇಳುವ ಪ್ರೋಗ್ರಾಂ ಅದು. ಎರಡು ಸಾಲು ನೋಡಿ ಮೈಯೆಲ್ಲ ಉರಿಯಿತು. ಟೈಪ್: ಬೈಟ್. ಕಂಪ್ರೆಶನ್: ವೈಸಿಬಿಸಿಆರ್ ಜೆಪೆಗ್. ಹೊರಗೆ ಟಿಫ್, ಒಳಗೆ ಜೆಪೆಗ್! ನಾವು ಕೊಟ್ಟಿದ್ದು 10 ಬಿಟ್ ಡೇಟಾ, ಪ್ರತಿ ಪಿಕ್ಸೆಲ್‌ನ ಬೆಳಕಿಗೆ 0ಯಿಂದ 1023ರವರೆಗೆ ಬೆಲೆ. ಅದನ್ನು ಬೈಟ್‌ಗೆ, ಅಂದರೆ 0ಯಿಂದ 255ಕ್ಕೆ ಹಿಸುಕಿದ್ದಾರೆ. ಅದೂ ಪ್ರತಿ ಚಿತ್ರವನ್ನು ಅದರದೇ ಕನಿಷ್ಠ-ಗರಿಷ್ಠಕ್ಕೆ ಎಳೆದು. ಅಂದರೆ ನವೆಂಬರ್‌ನ 120ಕ್ಕೂ ಜನವರಿಯ 120ಕ್ಕೂ ಸಂಬಂಧವೇ ಇಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸೋಣ ಅಂತಲೇ ಕೂಡಿಟ್ಟ ಚಿತ್ರಗಳು ಅವು.

ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಜೆಪೆಗ್ ಮಾಡಿರುವುದು ಮನುಷ್ಯರ ಕಣ್ಣಿಗಾಗಿ. ಬೆಳಕಿನ ಏರಿಳಿತ ನಮಗೆ ಬೇಗ ಗೊತ್ತಾಗುತ್ತದೆ, ಬಣ್ಣದ ಸಣ್ಣ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಅದು ಬೆಳಕನ್ನು ಉಳಿಸಿಕೊಂಡು ಬಣ್ಣವನ್ನು ಉದ್ದಕ್ಕೂ ಅಗಲಕ್ಕೂ ಅರ್ಧ ಮಾಡಿ, ಮೇಲೆ ಇನ್ನಷ್ಟು ಒರೆಸಿಹಾಕುತ್ತದೆ. ಮದುವೆ ಫೋಟೋಗೆ ಪರವಾಗಿಲ್ಲ. ನಮ್ಮ ಮೂರು ಬ್ಯಾಂಡನ್ನೂ ಅದು ಬಣ್ಣದ ಫೋಟೋ ಅಂದುಕೊಂಡಿದೆ, ಇಲ್ಲಿ ಆ ‘ಬಣ್ಣ’ ಅಂದರೆ ಇನ್‌ಫ್ರಾರೆಡ್‌ಗೂ ಕೆಂಪಿಗೂ ಇರುವ ಅಂತರ. ಬೆಳೆ ಎಷ್ಟು ಹಸಿರಾಗಿದೆ ಅಂತ ಅಳೆಯುವ ಎನ್‌ಡಿವಿಐ ಅನ್ನುವುದೇ ಆ ಅಂತರದ ಲೆಕ್ಕ! ನಮಗೆ ಬೇಕಾಗಿದ್ದನ್ನೇ ಹುಡುಕಿ ಎಸೆದಿದ್ದಾರೆ. ಬಣ್ಣದ ಒಂದು ಚೌಕ ಉದ್ದಕ್ಕೂ ಅಗಲಕ್ಕೂ 16 ಪಿಕ್ಸೆಲ್, ಅಂದರೆ ಒಂದೊಂದು ಬದಿ ನೆಲದ ಮೇಲೆ ಸುಮಾರು 93 ಮೀಟರ್, ಹೆಚ್ಚುಕಡಿಮೆ ಎರಡು ಎಕರೆ. ಅರ್ಧ ಎಕರೆ ತೋಟ ಇರುವ ರೈತನ ಅಡಿಕೆ ಪಕ್ಕದವನ ಬರಡು ಹೊಲದ ಜೊತೆ ಕಲಸಿಹೋಗಿದೆ.

ಕಂಪನಿಗೆ ಫೋನ್ ಮಾಡಿದೆ. ಅವರ ಉತ್ತರ ಕೇಳಿ.

“ಸರ್, ಜೂಮ್ ಮಾಡಿ ನೋಡಿ, ಕಣ್ಣಿಗೆ ಏನಾದ್ರೂ ವ್ಯತ್ಯಾಸ ಕಾಣುತ್ತಾ?”

ಕಣ್ಣಿಗೆ ಅಲ್ಲಪ್ಪ, ಲೆಕ್ಕಕ್ಕೆ ಬೇಕು ಅಂದೆ.

“ಲಾಸ್‌ಲೆಸ್ ಅಂದ್ರೆ ವಿಶುವಲಿ ಲಾಸ್‌ಲೆಸ್ ಸರ್.” ಕೊಟೇಶನ್‌ನಲ್ಲಿ ‘ವಿಶುವಲಿ’ ಎಲ್ಲಿತ್ತು?

“ಸೆಂಟಿನೆಲ್ ಚಿತ್ರಾನ ಯುರೋಪಿನವರೇ ಜೆಪೆಗ್‌ನಲ್ಲಿ ಕೊಡ್ತಾರಲ್ಲ ಸರ್.” ಇದನ್ನು ಕೇಳಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅದು ಜೆಪೆಗ್ 2000. ಹೆಸರು ಒಂದೇ ಥರ ಇದೆ ಅಷ್ಟೇ, ಕೆಲಸ ಮಾಡುವ ರೀತಿಯೇ ಬೇರೆ, ವೇವ್‌ಲೆಟ್ ಅನ್ನುವ ಗಣಿತ. ಅದರಲ್ಲಿ 16 ಬಿಟ್ ಬೆಲೆಯನ್ನು ಒಂದಂಕಿಯೂ ಬದಲಾಗದಂತೆ ಇಡಬಹುದು. ಇದು ಗೊತ್ತಿಲ್ಲದವರು ಉಪಗ್ರಹ ಚಿತ್ರ ಕಂಪ್ರೆಸ್ ಮಾಡುವ ಅಂಗಡಿ ಯಾಕೆ ತೆರೆಯಬೇಕು?

ಹೋಗಲಿ, ನಿಮ್ಮ ಸರ್ವರ್‌ನಲ್ಲಿರುವ ಒರಿಜಿನಲ್ ಕೊಡಿ ಅಂದರೆ, “ಆಟೋ ಡಿಲೀಟ್ ಆಗಿದೆ ಸರ್, ಪಾಲಿಸಿ.” ನಮಗೆ ಈ ಪಾಲಿಸಿ ಹೇಳಿದ್ದು ಡಿಲೀಟ್ ಆದ ಮೇಲೆ! ಕೆಲವು ಚಿತ್ರ ಹಳೇ ಡಿವಿಡಿಗಳಲ್ಲಿ ಸಿಕ್ಕವು, ಉಳಿದವಕ್ಕೆ ಮತ್ತೆ ಓಡಾಡುತ್ತಿದ್ದೇವೆ.

ಈ ಕೆಲಸಕ್ಕೆ ಕಂಪನಿಯೇ ಬೇಡ. ಜಿಡಾಲ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಡಿಫ್ಲೇಟ್ ಅಥವಾ ಝೆಡ್‌ಸ್ಟಾಂಡರ್ಡ್ ಅನ್ನುವ ಲಾಸ್‌ಲೆಸ್ ಕಂಪ್ರೆಶನ್ ಹಾಕಿ, ಜೊತೆಗೆ ಪ್ರಿಡಿಕ್ಟರ್ 2 ಕೊಡಿ. ಪಕ್ಕದ ಪಿಕ್ಸೆಲ್‌ನಿಂದ ಎಷ್ಟು ವ್ಯತ್ಯಾಸ ಅನ್ನುವುದನ್ನಷ್ಟೇ ಬರೆದುಕೊಳ್ಳುತ್ತದೆ, ಬೆಲೆ ಒಂದೂ ಕೆಡುವುದಿಲ್ಲ. ಅರ್ಧಕ್ಕೆ ಇಳಿದರೆ ಖುಷಿಪಡಿ, 90 ಪರ್ಸೆಂಟ್ ಎಲ್ಲ ಸುಮ್ನೆ ಮಾತು. ಇಂತಿಷ್ಟು ತಪ್ಪಾದರೂ ನಡೆಯುತ್ತದೆ ಅನ್ನುವವರಿಗೆ ಲರ್ಕ್ ಅನ್ನುವ ಇನ್ನೊಂದು ಕಂಪ್ರೆಶನ್ ಇದೆ, ತಪ್ಪು ಗರಿಷ್ಠ ಎಷ್ಟು ಅಂತ ನೀವೇ ಹೇಳಬಹುದು. ಹೊರಗೆ ಕೊಡಲೇಬೇಕಾದರೆ ಮೊದಲು ಒಂದೇ ಚಿತ್ರ ಕೊಡಿ, ವಾಪಸ್ ಬಂದದ್ದನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಒರಿಜಿನಲ್‌ನಿಂದ ಕಳೆಯಿರಿ. ಎಲ್ಲ ಕಡೆ ಸೊನ್ನೆ ಬರಬೇಕು. ಬರದಿದ್ದರೆ ಅಡ್ವಾನ್ಸ್ ಕೂಡ ಕೊಡಬೇಡಿ.

ಹಾಗೆ ಕಳೆದು ತೆಗೆದ ಚಿತ್ರವನ್ನೇ ಅವರಿಗೆ ಮೇಲ್ ಮಾಡಿದ್ದೇನೆ. ಅದಕ್ಕೆ ಉತ್ತರ ಇಲ್ಲ, ಬಾಕಿ ಹಣದ ರಿಮೈಂಡರ್ ಮಾತ್ರ ತಪ್ಪದೆ ಬರುತ್ತಿದೆ. ಕೊಡಲ್ಲ.