ಗಂಟು ಗಂಟಿನ ಉಲ್ಲನ್, ಅಪ್ಪನ ಟೋಪಿ

ಡಿಸೆಂಬರ್‌ನಲ್ಲೂ ಬೆಳಿಗ್ಗೆ ಐದೂವರೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಅಪ್ಪನಿಗೆ ಟೋಪಿ ಬೇಕಿತ್ತು. ದೇವರಾಜ ಮಾರುಕಟ್ಟೆ ಹತ್ತಿರದ ಸಣ್ಣ ಅಂಗಡಿಯಲ್ಲಿ ಈ ಉಲ್ಲನ್ ತಂದೆ. 100 ಗ್ರಾಂ ಉಂಡೆಗೆ 240 ರೂಪಾಯಿ.

ದಾರ ಒಂದೇ ಸಮ ಇಲ್ಲ. ಒಂದು ಗೇಣು ದಪ್ಪ, ಆಮೇಲೆ ಸಣ್ಣ, ನಡುವೆ ಪುಟ್ಟ ಗಂಟುಗಳು. ಅರಿಸಿನ, ನೇರಳೆ, ಗಿಳಿಹಸಿರು ತಾನಾಗಿಯೇ ಬದಲಾಗುತ್ತಾ ಹೋಗುತ್ತವೆ. ಹಾಗಾಗಿ ಜಡೆ, ಬಳ್ಳಿ ಅಂತ ಡಿಸೈನ್ ಹಾಕಬೇಡಿ, ಗಂಟುಗಳ ನಡುವೆ ಕಾಣುವುದೇ ಇಲ್ಲ. ನಾನು ಅಂಚಿಗೆ 5 ಎಂಎಂ ಹೆಣಿಗೆ ಕಡ್ಡಿಯಲ್ಲಿ ಎರಡು ಸೀದಾ, ಎರಡು ಉಲ್ಟಾ ಹೆಣಿಗೆ ಹಾಕಿದೆ. ಮೇಲಕ್ಕೆ 6 ಎಂಎಂ, ಸುಮ್ನೆ ಸೀದಾ.

ಮೊದಲು ಕಡ್ಡಿಗೆ 80 ಮನೆ, ಅಂದರೆ ದಾರದ ಕುಣಿಕೆ, ಹಾಕಿದ್ದೆ. ಟೋಪಿ ಅಪ್ಪನ ಮೂಗಿನವರೆಗೆ ಇಳಿಯಿತು! ಬಿಚ್ಚುವುದಂತೂ ಬೇಡವೇ ಬೇಡ. ಗಂಟು ಗಂಟಿಗೂ ಸಿಕ್ಕು. ಒಂದು ಸಂಜೆ ಪೂರ್ತಿ ಹೋಯಿತು, ಒಲೆ ಮೇಲಿದ್ದ ಸಾರೂ ಸೀದುಹೋಯಿತು. ಎರಡನೇ ಸಲ 72 ಮನೆ, ಸರಿಯಾಗಿ ಕೂತಿತು. ಒಂದೇ ಉಂಡೆ ಸಾಕಾಯಿತು, ತುದಿಗೆ ಕುಚ್ಚು ಮಾಡಲೂ ದಾರ ಉಳಿಯಿತು.

ಅಕ್ರಿಲಿಕ್ ಆದ್ದರಿಂದ ಚುಚ್ಚುವುದಿಲ್ಲ, ಬೆಚ್ಚಗೂ ಇದೆ. ಆದರೆ ಇಸ್ತ್ರಿ ತಾಗಿಸಬೇಡಿ, ಕರಗುತ್ತದೆ. ನೇರಳೆ ಬಣ್ಣ ಮೊದಲ ಒಗೆತದಲ್ಲೇ ಸ್ವಲ್ಪ ಬಿಟ್ಟಿತು. ಅಂಗಡಿಯಲ್ಲಿ ಕೇಳಿದರೆ, "ತಣ್ಣೀರಲ್ಲಿ ಒಗೀಬೇಕಮ್ಮಾ" ಅಂದರು. ಮೊದಲೇ ಹೇಳಬಹುದಿತ್ತು ಅಲ್ವಾ?

ಈ ಉಲ್ಲನ್‌ಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಅಪ್ಪ ಮಾತ್ರ ಟೋಪಿ ತೆಗೆಯದೆ ತಿಂಡಿಗೂ ಕೂರುತ್ತಾರೆ.