ಖೋಜ್‌ನ ಪೀರ್ಸ್ ರೆಸಿಡೆನ್ಸಿ: ದೆಹಲಿ ಬಿಸಿಲಲ್ಲಿ 4 ವಾರ

ಬೇಸಿಗೆ ರಜೆಯಲ್ಲಿ ಏನು ಮಾಡ್ಲಿ ಅಂತ ಕೇಳುವ ಕಲಾ ಶಾಲೆಯ ತಮ್ಮ ತಂಗಿಯರಿಗೆ ನಾನು ಹೇಳೋದು ಒಂದೇ ಮಾತು. ದೆಹಲಿಯ ಖೋಜ್ ಸಂಸ್ಥೆಯ ಪೀರ್ಸ್ ರೆಸಿಡೆನ್ಸಿಗೆ ಒಂದು ಅರ್ಜಿ ಹಾಕಿ. ರೆಸಿಡೆನ್ಸಿ ಅಂದರೆ ಕಲಾವಿದರು ಕೆಲವು ವಾರ ಒಂದೇ ಕಡೆ ಉಳಿದು ತಮ್ಮ ಕೆಲಸ ಮಾಡುವ ಅವಕಾಶ. ನಾನು ಹೋಗಿ ಬಂದಿದ್ದೇನೆ. ಕನ್ನಡ ಮೀಡಿಯಂನಲ್ಲಿ ಓದಿ, ಮೈಸೂರಲ್ಲಿ ಗ್ರಾಫಿಕ್ಸ್, ಅಂದರೆ ಅಚ್ಚುಚಿತ್ರ ಕಲೆ ಮಾಡಿದವನು ನಾನು. ಇಂಗ್ಲಿಷ್ ಬರಲ್ಲ, ಹಿಂದಿ ಬರಲ್ಲ ಅನ್ನೋ ಹೆದರಿಕೆಗೇ ನಮ್ಮ ಕಡೆಯ ಎಷ್ಟೋ ಜನ ಫಾರಂ ತುಂಬೋದೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಖೋಜ್ ಶುರುವಾಗಿದ್ದು 1997ರಲ್ಲಿ. ಕಲಾವಿದರೇ ಸೇರಿ ಕಟ್ಟಿದ ಸಂಸ್ಥೆ. ಮೊದಲ ಕಾರ್ಯಾಗಾರ ನಡೆದದ್ದು ದೆಹಲಿ ಹತ್ತಿರದ ಮೋದಿನಗರದಲ್ಲಿ. ಈಗ ದಕ್ಷಿಣ ದೆಹಲಿಯ ಖಿಡ್ಕಿ ಎಕ್ಸ್‌ಟೆನ್ಶನ್‌ನಲ್ಲಿ ಅವರ ಸ್ಟುಡಿಯೋ ಕಟ್ಟಡ ಇದೆ. ಪೀರ್ಸ್ ಅನ್ನೋದು ಕಲಾ ವಿದ್ಯಾರ್ಥಿಗಳಿಗೆ ಮತ್ತು ಆಗಷ್ಟೇ ಕೋರ್ಸ್ ಮುಗಿಸಿದವರಿಗೆ. ಬೇರೆ ಬೇರೆ ಊರಿನ 5 ಜನ, ಅವರ ಜೊತೆ ಬರೆಯೋಕೆ ಅಂತ ಒಬ್ಬರು ಯುವ ವಿಮರ್ಶಕರು. ಕೊನೆಗೆ ಓಪನ್ ಸ್ಟುಡಿಯೋ, ಅಂದರೆ ಮಾಡಿದ್ದನ್ನು ಜನರಿಗೆ ತೋರಿಸುವ ದಿನ. ನಮ್ಮ ವರ್ಷ ಪ್ರಯಾಣ, ವಸತಿ, ದಿನದ ಖರ್ಚು, ಸಾಮಗ್ರಿಗೆ ಒಂದಿಷ್ಟು ಹಣ ಎಲ್ಲ ಸಿಕ್ಕಿತು. ನೀವು ಹಾಕುವ ವರ್ಷದ ಪ್ರಕಟಣೆಯನ್ನು ಮಾತ್ರ ಸರಿಯಾಗಿ ಓದಿಕೊಳ್ಳಿ.

ಜಾಗದ ಬಗ್ಗೆ ಹೇಳಲೇಬೇಕು. ಖಿಡ್ಕಿ ಅಂದರೆ ನಮ್ಮ ಕಿಟಕಿಯೇ. ಅಲ್ಲಿರುವ ಖಿಡ್ಕಿ ಮಸೀದಿಯಿಂದ ಊರಿಗೆ ಆ ಹೆಸರು. 14ನೇ ಶತಮಾನದ್ದು, ತುಘಲಕ್ ಕಾಲದ ಕಟ್ಟಡ. ಒಳಗೆ ಸಾಲು ಸಾಲು ಕಂಬ, ಮೇಲೆ ಬಹುಪಾಲು ಮುಚ್ಚಿದ ಚಾವಣಿ, ನಡುವೆ 4 ತೆರೆದ ಅಂಗಳ. ಕಲ್ಲಿನ ಜಾಲಂಧ್ರದಿಂದ ಬೆಳಕು ನೆಲದ ಮೇಲೆ ಬೀಳೋದನ್ನ ನೋಡ್ತಾ ನಾನು ಒಂದಿಡೀ ಮಧ್ಯಾಹ್ನ ಅಲ್ಲೇ ಕೂತಿದ್ದೆ. ರಸ್ತೆಯ ಆ ಕಡೆ ಸಾಕೇತ್‌ನ ದೊಡ್ಡ ದೊಡ್ಡ ಮಾಲ್‌ಗಳು. ಈ ಕಡೆ ಕೈ ಚಾಚಿದರೆ ಎದುರು ಮನೆ ಸಿಗುವ ಗಲ್ಲಿ. ಬಿಹಾರದವರು, ಆಫ್ಘನ್ನರು, ಆಫ್ರಿಕಾದ ಹಲವು ದೇಶದವರು ಒಂದೇ ಬೀದಿಯಲ್ಲಿ ತರಕಾರಿ ಕೊಳ್ಳುತ್ತಾರೆ. ಅಲ್ಲಿ ಹಿಂದಿ ಹಲವರಿಗೆ ಅಷ್ಟಕ್ಕಷ್ಟೇ, ಹಾಗಾಗಿ ನನ್ನ ಹರಕು ಹಿಂದಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ಬಿಸಿಲು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಇಳಿದಾಗ ಮುಖಕ್ಕೆ ಒಲೆ ಹಿಡಿದ ಹಾಗಾಯಿತು. ನಾನು ಮಾಡಬೇಕೆಂದಿದ್ದು ವುಡ್‌ಕಟ್. ಮರದ ಹಲಗೆ, ಅಂದರೆ ಬ್ಲಾಕ್ ಕೆತ್ತಿ, ಇಂಕ್ ಹಚ್ಚಿ ಕಾಗದದ ಮೇಲೆ ಅಚ್ಚು ತೆಗೆಯೋದು. ಪ್ರೆಸ್ ಬೇಡ, ಸ್ಟೀಲ್ ಚಮಚದ ಬೆನ್ನಿಂದ ಉಜ್ಜಿ ಪ್ರಿಂಟ್ ತೆಗೆಯೋದು. ಮೈಸೂರಲ್ಲಿ ಕಾಗದ ನೆನೆಸಿಟ್ಟರೆ ಗಂಟೆಗಟ್ಟಲೆ ತೇವ ಇರುತ್ತದೆ. ಅಲ್ಲಿ ಬ್ಲಾಕ್ ಮೇಲೆ ಹಾಸುವಷ್ಟರಲ್ಲಿ ಗರಿಗರಿ ಹಪ್ಪಳ. ಇಂಕ್ ಸೆಖೆಗೆ ತೆಳುವಾಗಿ ಹರಿದು ಸಣ್ಣ ಗೆರೆಗಳನ್ನೆಲ್ಲ ಮುಚ್ಚಿಬಿಡುತ್ತಿತ್ತು. ಮೊದಲ ವಾರ ಒಂದೂ ಸರಿಯಾದ ಪ್ರಿಂಟ್ ಬರಲಿಲ್ಲ. ಬಂದಿದ್ದು ಅಳು.

ಪಕ್ಕದ ಗಲ್ಲಿಯಲ್ಲಿ ಕೂಲರ್ ರಿಪೇರಿ ಮಾಡುವ ಒಬ್ಬರು ಭೈಯಾ ಇದ್ದರು. ದಿನಾ ನನ್ನ ಒದ್ದಾಟ ನೋಡಿ, ಕಾಗದವನ್ನು ಒದ್ದೆ ಗೋಣಿಗಳ ನಡುವೆ ಹಾಕಿ ಕೂಲರ್ ಪಕ್ಕ ಇಡು, ಕೆಲಸ ಬೆಳಗಿನ ಜಾವ ಮಾಡು ಅಂದರು. ಅಷ್ಟೇ. ಮರುದಿನ 5 ಗಂಟೆಗೆದ್ದು ಉಜ್ಜಿದೆ. ಗೆರೆ ಗೆರೆಯೂ ಬಂತು. ಆಮೇಲೆ ಆ ಗಲ್ಲಿಯ ಕಿಟಕಿಗಳನ್ನೇ ಕೆತ್ತುತ್ತಾ ಹೋದೆ. ಕೂಲರ್ ತುರುಕಿದ ಕಿಟಕಿ, ಚಪಾತಿ ಲಟ್ಟಣಿಗೆ ನೇತು ಹಾಕಿದ ಕಿಟಕಿ, ಕಂಬಳಿ ಹೊದಿಸಿ ಮುಚ್ಚಿದ ಕಿಟಕಿ.

ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಏನು ಗೊತ್ತಾ? ಮುಗಿದ ಕೆಲಸ ತೋರಿಸು ಅಂತ ಯಾರೂ ಕೇಳಲ್ಲ. ಮಾರ್ಕ್ಸ್ ಇಲ್ಲ. ರಾತ್ರಿ ಟೆರೇಸ್‌ನಲ್ಲಿ ಕೂತು ನಾವು 6 ಜನ ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಮಾತಾಡುತ್ತಿದ್ದೆವು, ಒಬ್ಬಳು ಶಬ್ದ ರೆಕಾರ್ಡ್ ಮಾಡುವವಳು, ಒಬ್ಬ ಪರ್ಫಾರ್ಮೆನ್ಸ್ ಮಾಡುವವನು, ನನ್ನ ಮರದ ಬ್ಲಾಕ್ ಬಗ್ಗೆ ಅವರು ಕೇಳಿದಂಥ ಪ್ರಶ್ನೆಗಳನ್ನು ನನಗೆ 5 ವರ್ಷದ ಓದಿನಲ್ಲಿ ಯಾರೂ ಕೇಳಿರಲಿಲ್ಲ. ಇಂಗ್ಲಿಷ್ ತಡವರಿಸಿದಾಗ ಕಾಯುತ್ತಿದ್ದರು. ತೋಚದಿದ್ದರೆ ನಾನು ಬ್ಲಾಕ್ ತಂದು ತೋರಿಸುತ್ತಿದ್ದೆ.

ಓಪನ್ ಸ್ಟುಡಿಯೋ ದಿನ ಭೈಯಾ ಅಂಗಡಿ ಮುಚ್ಚಿ ಬಂದರು. ತಮ್ಮ ಮನೆ ಕಿಟಕಿಯ ಪ್ರಿಂಟ್ ಮುಂದೆ ತುಂಬಾ ಹೊತ್ತು ನಿಂತರು. ಚಿಲಕ ಇರೋದು ಬಲಕ್ಕೆ, ನೀನು ಎಡಕ್ಕೆ ಹಾಕಿದ್ದೀಯ ಅಂದರು. ವುಡ್‌ಕಟ್‌ನಲ್ಲಿ ಕೆತ್ತಿದ್ದು ಕನ್ನಡಿಯ ಹಾಗೆ ಉಲ್ಟಾ ಬರುತ್ತದೆ ಅಂತ ಬ್ಲಾಕ್ ತಂದು ತೋರಿಸಿದೆ. ಅದನ್ನು ಕೈಯಲ್ಲಿ ಹಿಡಿದು, ಕೆತ್ತಿದ ಚಿಲಕದ ಮೇಲೆ ಬೆರಳಾಡಿಸಿ, ಹಾಗಾದ್ರೆ ಇದೇ ನನ್ನ ಕಿಟಕಿ, ಗೋಡೆ ಮೇಲಿರೋದಲ್ಲ ಅಂದರು. ಈಗ ನಾನು ಬ್ಲಾಕ್‌ಗಳನ್ನೂ ಪ್ರಿಂಟ್ ಪಕ್ಕದಲ್ಲೇ ತೂಗುಹಾಕುತ್ತೇನೆ.

ಕೆಲವು ಮಾತು. 4 ವಾರ ಕಣ್ಣು ಮುಚ್ಚಿ ಬಿಡೋದರಲ್ಲಿ ಮುಗಿಯುತ್ತದೆ. ದೊಡ್ಡ ಯೋಜನೆ ಹೊತ್ತು ಹೋಗಬೇಡಿ. ಬಿಸಿಲು ತಡೆಯದ ಮೈ ಇದ್ದರೆ ಎರಡು ಸಲ ಯೋಚಿಸಿ. ತಲೆ ತಂಪು ಬೇಕಾದಾಗ ಜೈಪುರ ಹೌಸ್‌ನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿ. ಸೋಮವಾರ ಬಿಟ್ಟು. ಅಷ್ಟು ದೂರ ಆಗಲ್ಲ ಅನ್ನುವವರು ಬೆಂಗಳೂರಿನ 1ಶಾಂತಿರೋಡ್ ಅನ್ನೋ ಕಲಾ ಸ್ಟುಡಿಯೋಗೆ ಒಮ್ಮೆ ಹೋಗಿ ಬನ್ನಿ, ಅಲ್ಲೂ ರೆಸಿಡೆನ್ಸಿ ನಡೆಯುತ್ತದೆ.

ಅರ್ಜಿಯಲ್ಲಿ ದೊಡ್ಡ ದೊಡ್ಡ ಪದ ಬೇಡ. ನಾನು ಮೊದಲ ಸಲ 'ಅಸ್ಮಿತೆಯ ಶೋಧ' ಅಂತೆಲ್ಲ ಬರೆದಿದ್ದೆ, ಸಿಗಲಿಲ್ಲ. ಎರಡನೇ ಸಲ ನಮ್ಮಜ್ಜಿ ಮನೆಯ ಒಂದು ಕಿಟಕಿ ಬಗ್ಗೆ ಕನ್ನಡದಲ್ಲಿ ಬರೆದು, ಸೀನಿಯರ್ ಅಕ್ಕನ ಹತ್ತಿರ ಇಂಗ್ಲಿಷ್ ಮಾಡಿಸಿದೆ. ನಿಮ್ಮದೂ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದರೆ ಕಳಿಸಿ, ನಾನು ಓದಿ ಹೇಳ್ತೀನಿ.